ಅವ್ವನ ಮುಂದೆ ನೇಣುಗಂಬ ಬಿಡಿಸಬೇಡಿ

ಸಿಯಾಟಲ್‌ನಿಂದ ಈಶಾನ್ಯಕ್ಕೆ ಬಾಥೆಲ್ ಎಂಬ ಊರಿದೆ. ಅಲ್ಲಿನ ಒಂದು ಸಾಧಾರಣ ಮನೆಯಲ್ಲಿ ನನ್ನ ಅವ್ವ 2025ರ ಜನವರಿಯಿಂದ ಇದ್ದಾಳೆ. ಹೊರಗಿನಿಂದ ನೋಡಿದರೆ ಅಕ್ಕಪಕ್ಕದ ಮನೆಗಳಂತೆಯೇ ಇದೆ. ಬಾಗಿಲ ಮೆಟ್ಟಿಲಿನ ಜಾಗದಲ್ಲಿ ಗಾಲಿಕುರ್ಚಿಗೆ ಇಳಿಜಾರು ಮಾಡಿದ್ದಾರೆ, ಅಷ್ಟೇ. ವಾಷಿಂಗ್ಟನ್ ರಾಜ್ಯದಲ್ಲಿ ಇಂಥವನ್ನು ಅಡಲ್ಟ್ ಫ್ಯಾಮಿಲಿ ಹೋಮ್ ಎನ್ನುತ್ತಾರೆ. ಆರು, ಹೆಚ್ಚೆಂದರೆ ಎಂಟು ಮಂದಿ ವೃದ್ಧರು ಒಂದು ಸೂರಿನಡಿ ಇರುತ್ತಾರೆ. ಅವ್ವನ ಮನೆಯಲ್ಲಿ ಆರು ಜನ. ಕನ್ನಡ ಬಲ್ಲವಳು ಅವಳೊಬ್ಬಳೇ.

ಮಂಗಳವಾರ ಮಧ್ಯಾಹ್ನ ಒಬ್ಬ ಹೆಂಗಸು ಬಂದು ಆಟ ಆಡಿಸುತ್ತಾಳೆ. ನಾನು ಮೊದಲ ಸಲ ನೋಡಿದ ದಿನ ಅವಳು ವೈಟ್‌ಬೋರ್ಡಿನ ಮೇಲೆ ಐದು ಗೆರೆ ಎಳೆದು, ಪಕ್ಕದಲ್ಲಿ ಒಂದು ನೇಣುಗಂಬ ಬಿಡಿಸಿದಳು. ಹ್ಯಾಂಗ್‌ಮ್ಯಾನ್! ನಾವೆಲ್ಲ ಕಾಲೇಜಿನ ಕೊನೆಯ ಬೆಂಚಿನಲ್ಲಿ ಆಡಿದ್ದೇ. ಅಕ್ಷರ ತಪ್ಪಿದಂತೆಲ್ಲ ತಲೆ ಬಂತು, ಮೈ ಬಂತು, ಕೈ ಬಂತು. ಕುರ್ಚಿಗಳಲ್ಲಿ ಕೂತ ಆರು ಜನರಲ್ಲಿ ಇಬ್ಬರು ನಿದ್ದೆ ಹೋಗಿದ್ದರು. ಅವ್ವ ಮಾತ್ರ ಬೋರ್ಡನ್ನೇ ದಿಟ್ಟಿಸುತ್ತಿದ್ದಳು. ನನ್ನ ಕೈ ಜಗ್ಗಿ ಮೆಲ್ಲಗೆ ಕೇಳಿದಳು: "ಯಾರ್ನ ನೇಣಿಗೆ ಹಾಕಾಕತ್ತಾರವಾ? ಅವಾ ಏನ್ ತಪ್ ಮಾಡ್ಯಾನ?"

ನನಗೆ ನಗು ಬಂತು. ಕಾರಿನಲ್ಲಿ ಮನೆಗೆ ಬರುವಾಗ ಆ ನಗು ನಿಂತಿತು. ಎಂಬತ್ತರ ಆಸುಪಾಸಿನ ಆರು ಜನರ ಮುಂದೆ, ಅವರಲ್ಲಿ ಅರ್ಧ ಜನ ಸಾವನ್ನು ದಿನವೂ ನೆನೆಯುವವರು, ಉತ್ತರ ಹೊಳೆಯದಿದ್ದರೆ ಒಬ್ಬ ಮನುಷ್ಯನನ್ನು ನೇಣಿಗೆ ಹಾಕುವ ಆಟವನ್ನು ಆಡಿಸುತ್ತಿದ್ದೇವೆ. ಅದಕ್ಕೆ 'ವೃದ್ಧರಿಗಾಗಿ ಹೊಂದಿಸಿದ ಚಟುವಟಿಕೆ' ಎಂದು ಹೆಸರು. ಹೊಂದಿಸಿದ್ದೇನು ಎಂದು ಕೇಳಿದೆ. ದಪ್ಪ ಪೆನ್ನು, ದೊಡ್ಡ ಅಕ್ಷರ, ಸುಲಭದ ಪದ ಅಂದಳು ಆ ಹೆಂಗಸು. ಪಾಪ, ಒಳ್ಳೆಯವಳೇ. ಅವಳ ತರಬೇತಿಯಲ್ಲಿ ಹೇಳಿಕೊಟ್ಟದ್ದು ಅಷ್ಟೇ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ವೃದ್ಧಾಶ್ರಮಗಳಲ್ಲಿ ಪದ ಊಹಿಸುವ ಆಟಗಳನ್ನು ಆಡಿಸುವವರು ಆಟವನ್ನು 'ಸುಲಭ' ಮಾಡುತ್ತಾರೆಯೇ ಹೊರತು ಅದರೊಳಗಿನ ಪರೀಕ್ಷೆಯನ್ನು ತೆಗೆಯುವುದಿಲ್ಲ. ಕೇಳುವವರು ಯಾವಾಗಲೂ ಗಟ್ಟಿಮುಟ್ಟಾದವರು, ಹೇಳಬೇಕಾದವರು ಮುದುಕರು. ಈ ವ್ಯವಸ್ಥೆ ಬದಲಾಗದೆ ಅಕ್ಷರ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಇದರಲ್ಲಿ ಇಲ್ಲಿನ ಹೋಮುಗಳಷ್ಟೇ ತಪ್ಪು ನಮ್ಮ ಕನ್ನಡಿಗರದೂ ಇದೆ ಎಂದು ನಾನು ಹೇಳಹೊರಟಿದ್ದೇನೆ.

ನಾನು ದಾವಣಗೆರೆಯಲ್ಲಿ ಬಿ.ಕಾಂ. ಮಾಡಿ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮುಗಿಸಿ ಸಿ.ಎ. ಆದವಳು. ಅಂಕಿಗಳ ಮೇಲೆ ನನಗೆ ನಂಬಿಕೆ. ಆದ್ದರಿಂದ ಮೊದಲು ಅಂಕಿಯ ಕಥೆಯನ್ನೇ ಹೇಳುತ್ತೇನೆ.

2024ರ ಅಕ್ಟೋಬರಿನಲ್ಲಿ ಅವ್ವ ನಮ್ಮ ಮನೆಯ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆದ ಮೇಲೆ ಕೆಲವು ವಾರ ಒಂದು ನರ್ಸಿಂಗ್ ಹೋಮಿನಲ್ಲಿ ಇರಬೇಕಾಯಿತು. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ನರ್ಸಿಂಗ್ ಹೋಮುಗಳು ಪ್ರತಿ ನಿವಾಸಿಯ ಬಗ್ಗೆ ಒಂದು ಉದ್ದನೆಯ ನಮೂನೆ ತುಂಬಬೇಕು. ಅದರಲ್ಲಿ ನೆನಪಿನ ಪರೀಕ್ಷೆಯೂ ಇದೆ; ಬಿಮ್ಸ್ ಎಂದು ಕರೆಯುತ್ತಾರೆ, ಒಟ್ಟು 15 ಅಂಕ. ಮೂರು ಪದ ಹೇಳುತ್ತಾರೆ: ಕಾಲುಚೀಲ, ನೀಲಿ, ಹಾಸಿಗೆ. ತಕ್ಷಣ ಪುನರುಚ್ಚರಿಸಿದರೆ ಪದಕ್ಕೊಂದರಂತೆ 3 ಅಂಕ. ಆಮೇಲೆ ಈಗ ಯಾವ ವರ್ಷ, ಯಾವ ತಿಂಗಳು, ಯಾವ ವಾರ ಎಂದು ಕೇಳಿ, ಮತ್ತೆ ಆ ಮೂರು ಪದಗಳಿಗೆ ಬರುತ್ತಾರೆ. ತಾನಾಗಿ ನೆನಪಾದರೆ ಪದಕ್ಕೆ 2 ಅಂಕ. ನೆನಪಾಗದಿದ್ದರೆ ಸುಳಿವು ಕೊಡುತ್ತಾರೆ: 'ತೊಟ್ಟುಕೊಳ್ಳುವಂಥದ್ದು', 'ಒಂದು ಬಣ್ಣ', 'ಒಂದು ಪೀಠೋಪಕರಣ'. ಸುಳಿವಿನಿಂದ ಹೇಳಿದರೆ 1 ಅಂಕ. 13ರ ಮೇಲೆ ಬಂದರೆ ಸರಿ, 8ರಿಂದ 12 ಮಧ್ಯಮ ಕುಂದು, 7 ಮತ್ತು ಅದಕ್ಕಿಂತ ಕೆಳಗೆ ತೀವ್ರ ಕುಂದು.

ಗಮನಿಸಿದಿರಾ? ಇದೂ ಪದ ಊಹಿಸುವ ಆಟವೇ. ಸುಳಿವೂ ಇದೆ, ಅಂಕವೂ ಇದೆ.

ಅವ್ವನಿಗೆ ಬಂದದ್ದು 5. ತೀವ್ರ ಕುಂದು. ಅದರ ಆಧಾರದ ಮೇಲೆ ಅವಳನ್ನು ಬಣ್ಣದ ಚೆಂಡು ವಿಂಗಡಿಸುವ, ಸಾಬೂನಿನ ಗುಳ್ಳೆ ಊದುವ ಗುಂಪಿಗೆ ಹಾಕಿದ್ದರು. ಹಿಂದಿನ ವಾರವಷ್ಟೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ನನ್ನ ಗಂಡನಿಗೆ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ಹೇಗೆ ನಾದಬೇಕು ಎಂದು ಪಾಠ ಹೇಳಿದ್ದವಳು ಅವಳು. ನಾನು ಕಡತ ತೋರಿಸಿ ಎಂದು ಕೂತೆ. ಆಡಿಟ್ ಮಾಡುವವರಿಗೆ ವೋಚರ್ ನೋಡದೆ ಸಮಾಧಾನವಿಲ್ಲವಲ್ಲ.

ಮೊದಲ ಸಾಲಿನಲ್ಲೇ ಸಿಕ್ಕಿತು. ನಿವಾಸಿಯ ಭಾಷೆ: ಹಿಂದಿ. ಭಾರತದವಳು ಎಂದ ಮೇಲೆ ಹಿಂದಿ ತಾನೇ? ಫೋನಿನಲ್ಲಿ ಹಿಂದಿ ದುಭಾಷಿಯನ್ನಿಟ್ಟುಕೊಂಡು ಪರೀಕ್ಷೆ ನಡೆಸಿದ್ದರು. ಅವ್ವ ಬ್ಯಾಡಗಿ ತಾಲೂಕಿನ ಹಳ್ಳಿಯವಳು, ಆ ಕಾಲದ ಮುಲ್ಕಿ ಪಾಸಾದವಳು. ಅವಳ ಹಿಂದಿ ಎಂದರೆ ರಾಮಾಯಣ ಧಾರಾವಾಹಿಯ ಹಿಂದಿ. 'ಸಾಲ್' ಎಂಬುದನ್ನು ಹೇಗೋ ಅರ್ಥ ಮಾಡಿಕೊಂಡು, ಯಾವ ವರ್ಷ ಎಂದದ್ದಕ್ಕೆ "ಕ್ರೋಧಿ" ಎಂದಿದ್ದಾಳೆ. ಸರಿಯಾದ ಉತ್ತರ! ಆ ವರ್ಷದ ಯುಗಾದಿಯಿಂದ ನಡೆಯುತ್ತಿದ್ದದ್ದು ಕ್ರೋಧಿ ನಾಮ ಸಂವತ್ಸರವೇ. ತಿಂಗಳು ಯಾವುದೆಂದರೆ "ಕಾರ್ತಿಕ". ಅದೂ ಸರಿಯೇ. ಕಾರ್ತಿಕಕ್ಕೆ ಆ ನಮೂನೆಯಲ್ಲಿ ಜಾಗವಿರಲಿಲ್ಲ. ಕ್ರೋಧಿಗೆ ಮಾತ್ರ ಜಾಗ ಸಿಕ್ಕಿತ್ತು. ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದರು: ತಾನು ಕೋಪದಲ್ಲಿದ್ದೇನೆ ಎಂದು ರೋಗಿ ಹೇಳುತ್ತಾರೆ.

ಅಮೆರಿಕದ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಹಣ ಪಡೆಯುವ ಯಾವುದೇ ಆಸ್ಪತ್ರೆ, ನರ್ಸಿಂಗ್ ಹೋಮು ರೋಗಿಯ ಭಾಷೆಯ ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಇದು ದಯೆಯ ಮಾತಲ್ಲ, ಹಕ್ಕಿನ ಮಾತು. ಇದನ್ನು ಓದುತ್ತಿರುವ ಪ್ರತಿಯೊಬ್ಬ ಕನ್ನಡಿಗರೂ ಗುರುತು ಹಾಕಿಕೊಳ್ಳಲಿ. ನಾನು ಪಟ್ಟು ಹಿಡಿದ ಮೇಲೆ ಫೋನಿನಲ್ಲಿ ಕನ್ನಡದ ದುಭಾಷಿ ಸಿಕ್ಕರು. ಮತ್ತೆ ಅದೇ ಪರೀಕ್ಷೆ. ಮೂರು ಪದ ಪುನರುಚ್ಚರಿಸಿದಳು, 3. ಇಂಗ್ಲಿಷ್ ವರ್ಷ, ತಿಂಗಳು, ವಾರ ಮೂರೂ ಹೇಳಿದಳು, 6. ಹಾಸಿಗೆ ತಾನಾಗಿ ನೆನಪಾಯಿತು, 2. ನೀಲಿ ಸುಳಿವಿನಿಂದ ಬಂತು, 1. ಕಾಲುಚೀಲ ಬರಲೇ ಇಲ್ಲ. ಎಪ್ಪತ್ತೆಂಟು ವರ್ಷದ ಬದುಕಿನಲ್ಲಿ ಸಿಯಾಟಲ್‌ಗೆ ಬರುವವರೆಗೆ ಕಾಲುಚೀಲ ಹಾಕದವಳಿಗೆ ಅದು ಹೇಗೆ ನೆನಪಿನಲ್ಲಿ ನಿಲ್ಲಬೇಕು? ಒಟ್ಟು 12.

5 ಮತ್ತು 12ರ ನಡುವೆ ಇದ್ದದ್ದು ಕಾಯಿಲೆಯಲ್ಲ, ಭಾಷೆ. ಅವ್ವನಿಗೆ ಮರೆವು ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಒಂದೇ ಮಾತನ್ನು ಮೂರು ಸಲ ಕೇಳುತ್ತಾಳೆ. ಆದರೆ ಏಳು ಅಂಕದ ತಪ್ಪನ್ನು ಬ್ಯಾಲೆನ್ಸ್ ಶೀಟಿನಲ್ಲಿ ಯಾರಾದರೂ ಮಾಡಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ಇಲ್ಲಿ ಸಹಿ ಆಗಿಹೋಗಿತ್ತು, ಅವಳು ಗುಳ್ಳೆ ಊದುತ್ತಿದ್ದಳು.

ಪರೀಕ್ಷೆ ಪರೀಕ್ಷೆಯಾಗಿಯೇ ಇರಲಿ, ವೈದ್ಯರಿಗೆ ಅದು ಬೇಕು. ಆಟವಾದರೂ ಆಟವಾಗಿರಬೇಕಲ್ಲ? ಮಂಗಳವಾರದ ಹ್ಯಾಂಗ್‌ಮ್ಯಾನ್‌ಗೂ ಬಿಮ್ಸ್‌ಗೂ ಅವ್ವನ ಮಟ್ಟಿಗೆ ಏನು ಭೇದ? ಎರಡರಲ್ಲೂ ಅವಳಿಗೆ ಗೊತ್ತಿಲ್ಲದ್ದನ್ನು ಹುಡುಕುತ್ತಾರೆ.

ಇನ್ನು ನಮ್ಮ ಪಾಲಿನ ತಪ್ಪಿಗೆ ಬರುತ್ತೇನೆ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? "ಅಜ್ಜಿ, ನಾನ್ಯಾರು ಹೇಳಿ ನೋಡೋಣ?" ಪಕ್ಕದಲ್ಲಿ ಮಕ್ಕಳನ್ನು ತಂದು ನಿಲ್ಲಿಸಿ, "ಇವನ ಹೆಸರೇನು ಹೇಳು?" ಅಜ್ಜಿ ತಡವರಿಸುತ್ತಾಳೆ. ನಾವು ಸುಳಿವು ಕೊಡುತ್ತೇವೆ. ತಪ್ಪು ಹೆಸರು ಹೇಳಿದರೆ ಎಲ್ಲರೂ ನಗುತ್ತೇವೆ, ಅವಳೂ ನಗುತ್ತಾಳೆ, ಫೋನ್ ಇಟ್ಟ ಮೇಲೆ ಸುಮ್ಮನೆ ಕೂರುತ್ತಾಳೆ. ನಾನೂ ಇದನ್ನೇ ಮಾಡಿದ್ದೇನೆ. ಅವ್ವ ಬಾಥೆಲ್‌ಗೆ ಹೋದ ಮೊದಲ ತಿಂಗಳು ಪ್ರತಿ ಭಾನುವಾರ ಹಳೆಯ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿ, ಇದ್ಯಾರು, ಇದ್ಯಾವ ಊರು, ಇದು ಯಾರ ಮದುವೆ ಎಂದು ಕೇಳುತ್ತಿದ್ದೆ. ಬಂದ ಉತ್ತರಗಳನ್ನು ಎಕ್ಸೆಲ್ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಸಿ.ಎ. ಬುದ್ಧಿ. ನಾಲ್ಕನೆಯ ಭಾನುವಾರ ಅವಳು ಲ್ಯಾಪ್‌ಟಾಪನ್ನು ಮುಚ್ಚಿ, "ನಂಗ ಗೊತ್ತಿಲ್ಲವಾ. ನಿನಗ ಗೊತ್ತೈತೆಲ್ಲ, ನನ್ನ ಯಾಕ್ ಕೇಳ್ತಿ?" ಎಂದಳು.

ಎಷ್ಟು ಸರಿಯಾದ ಪ್ರಶ್ನೆ! ಉತ್ತರ ಗೊತ್ತಿದ್ದೂ ಕೇಳುವುದು ಮೇಷ್ಟ್ರ ಕೆಲಸ, ಪೊಲೀಸರ ಕೆಲಸ. ಮಗಳ ಕೆಲಸವಲ್ಲ.

ನಮ್ಮಲ್ಲಿ ಪದ ಊಹಿಸುವ ಆಟ ಹೀಗಿರಲೇ ಇಲ್ಲ. ಒಗಟು ಯಾರು ಹೇಳುತ್ತಿದ್ದರು? ಅಜ್ಜಿ ಹೇಳುತ್ತಿದ್ದಳು, ಮೊಮ್ಮಕ್ಕಳು ತಿಣುಕಾಡುತ್ತಿದ್ದರು. ಸೋತರೆ "ಊರು ಕೊಡು" ಎನ್ನುತ್ತಿದ್ದಳು, ನಾವು ಯಾವುದೋ ಊರಿನ ಹೆಸರು ಹೇಳಿ ಸೋಲೊಪ್ಪುತ್ತಿದ್ದೆವು. ಉತ್ತರ ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು. ನಮ್ಮ ಕಡೆ ಮದುವೆ, ಸೀಮಂತಗಳಲ್ಲಿ ಹೆಂಗಸರು ಒಡಪಿಟ್ಟು ಗಂಡನ ಹೆಸರು ಹೇಳುವಾಗಲೂ ಅಷ್ಟೇ: ಹೆಸರನ್ನು ಮುಚ್ಚಿಡುವುದೂ ಬಿಚ್ಚಿಡುವುದೂ ಹೇಳುವವಳ ಕೈಯಲ್ಲಿತ್ತು. ಅಷ್ಟಾವಧಾನದಲ್ಲಿ ಪೃಚ್ಛಕರು ಎಷ್ಟು ಪೀಡಿಸಿದರೂ ನಿಷೇಧಾಕ್ಷರಿಯಲ್ಲಿ ಮುಂದಿನ ಅಕ್ಷರವನ್ನು ಆರಿಸುವವರು ಅವಧಾನಿಯೇ. ಪದದ ಮೇಲೆ ಹಿಡಿತ ಇರುವವರು ಹಿರಿಯರು. ಇದು ನಮ್ಮ ಕ್ರಮ. ಅಮೆರಿಕಕ್ಕೆ ಬಂದ ಮೇಲೆ, ಬೆಂಗಳೂರಿಗೆ ಹೋದ ಮೇಲೆ, ನಾವು ಅದನ್ನು ತಲೆಕೆಳಗು ಮಾಡಿದೆವು.

ಮುಪ್ಪಿಗೆ ಪದಗಳು ಉದುರಿಹೋಗುತ್ತವೆ, ಆಟವಾಡಿಸಿ ಏನು ಪ್ರಯೋಜನ ಎನ್ನುವವರಿಗೆ ಜಿ. ವೆಂಕಟಸುಬ್ಬಯ್ಯನವರನ್ನು ನೆನಪಿಸುತ್ತೇನೆ. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಆ ನಿಘಂಟುಕಾರರು ನೂರು ದಾಟಿದ ಮೇಲೂ ಪದಗಳ ಬಗ್ಗೆ ಮಾತಾಡುತ್ತಿದ್ದರು. ಅವರು ಅಪರೂಪ, ಒಪ್ಪುತ್ತೇನೆ. ಸಾಮಾನ್ಯರ ಲೆಕ್ಕವೂ ಇದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಅಂದರೆ ಮಾತಿನ ಬಲಕ್ಕೆ ಪುಸ್ತಕವೇ ಬೇಕೆಂದಿಲ್ಲ.

ಆಟದಿಂದ ಡಿಮೆನ್ಷಿಯಾ ವಾಸಿಯಾಗುವುದಿಲ್ಲ. ಹಾಗೆಂದು ಆ್ಯಪ್ ಮಾರುವವರನ್ನು ನಂಬಬೇಡಿ. ಆದರೆ ಬ್ರಿಟನ್ನಿನಲ್ಲಿ ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು ರೂಪಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದ ಒಂದು ವಿಧಾನವಿದೆ: ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ. ವಾರಕ್ಕೆ ಎರಡು ಸಲದಂತೆ ಏಳು ವಾರ, 14 ಸಲ ಚಿಕ್ಕ ಗುಂಪು ಸೇರುತ್ತದೆ. ಬಾಲ್ಯ, ಊಟ, ಹಣ, ಶಬ್ದ ಹೀಗೆ ದಿನಕ್ಕೊಂದು ವಿಷಯ. ಪದದಾಟಕ್ಕೂ ಒಂದು ದಿನ, ಅರ್ಧ ಹೇಳಿದ ಗಾದೆಯನ್ನು ಪೂರ್ತಿ ಮಾಡುವಂಥದ್ದಕ್ಕೂ ಒಂದು ದಿನ. ಸೌಮ್ಯ ಮತ್ತು ಮಧ್ಯಮ ಹಂತದವರ ನೆನಪಿಗೂ ಮನಸ್ಸಿನ ನೆಮ್ಮದಿಗೂ ಇದರಿಂದ ಸ್ವಲ್ಪ ಅನುಕೂಲವಾಗುತ್ತದೆ ಎಂದು ಕಂಡುಬಂದು, ಬ್ರಿಟನ್ನಿನ ಆರೋಗ್ಯ ವ್ಯವಸ್ಥೆ ಶಿಫಾರಸು ಮಾಡಿದೆ. ಅದರ ಒಂದು ನಿಯಮ ನನಗೆ ಬಹಳ ಹಿಡಿಸಿತು: ಮಾಹಿತಿ ಕೇಳಬೇಡಿ, ಅಭಿಪ್ರಾಯ ಕೇಳಿ. ಪ್ರಧಾನಿ ಯಾರು ಎನ್ನಬೇಡಿ. ಈ ಇಬ್ಬರಲ್ಲಿ ನಿಮಗೆ ಯಾರು ಇಷ್ಟ ಎನ್ನಿ. ಚೆನ್ನೈಯಲ್ಲಿ ಇದನ್ನು ತಮಿಳರಿಗೆ ಹೊಂದಿಸಿಕೊಂಡಿದ್ದಾರೆ. ಹೊಂದಿಸುವುದೆಂದರೆ ಭಾಷಾಂತರವಲ್ಲ ಎಂಬುದು ಆ ಕೆಲಸದ ಮೊದಲ ಪಾಠ.

ಕನ್ನಡಕ್ಕಂತೂ ಭಾಷಾಂತರ ಸಾಧ್ಯವೇ ಇಲ್ಲ. ಹ್ಯಾಂಗ್‌ಮ್ಯಾನ್ ಆಗಲಿ, 2021ರಲ್ಲಿ ಬಂದು ಜಗತ್ತಿಗೇ ಹುಚ್ಚು ಹಿಡಿಸಿದ ವರ್ಡಲ್ ಆಗಲಿ, ಒಂದು ಅಕ್ಷರಕ್ಕೆ ಒಂದು ಮನೆ ಎಂಬ ಲೆಕ್ಕದ ಮೇಲೆ ನಿಂತಿವೆ. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಅದರಲ್ಲಿ ಎಷ್ಟು ಅಕ್ಷರ? ಅವ್ವನನ್ನು ಕೇಳಿದರೆ ಮೂರು: ಕ, ನ್ನ, ಡ. ಕಂಪ್ಯೂಟರನ್ನು ಕೇಳಿದರೆ ಐದು, ಏಕೆಂದರೆ ಯೂನಿಕೋಡ್ ಒತ್ತಕ್ಷರವನ್ನು ಬಿಡಿಸಿ, ನಡುವೆ ಅರ್ಧಾಕ್ಷರದ ಚಿಹ್ನೆ ಸೇರಿಸಿ ಎಣಿಸುತ್ತದೆ. ವ್ಯಾಕರಣದ ಮೇಷ್ಟ್ರು ಸ್ವರ ವ್ಯಂಜನ ಬಿಡಿಸಿದರೆ ಏಳು. ಒಂದೇ ಪದಕ್ಕೆ ಮೂರು ಲೆಕ್ಕ! ಯಾವುದು ಸರಿ ಎಂದರೆ, ಆಡುವವರ ಲೆಕ್ಕ ಸರಿ. ನಮ್ಮ ರೆಡ್‌ಮಂಡಿನ ಹುಡುಗರು ಬಿಡುವಿನಲ್ಲಿ ಕನ್ನಡದ ವರ್ಡಲ್ ಮಾಡಿ ವಾಟ್ಸ್‌ಆ್ಯಪಿನಲ್ಲಿ ಹಂಚಿಕೊಳ್ಳುತ್ತಾರೆ. ಸಂತೋಷ. ಅದನ್ನು ಅವ್ವನಿಗೆ ಕೊಟ್ಟಾಗ ಅವಳು ಗುಣಿತಾಕ್ಷರಕ್ಕೂ ಒತ್ತಕ್ಷರಕ್ಕೂ ಬೇರೆ ಬೇರೆ ಗುಂಡಿ ಒತ್ತಬೇಕಾಗಿ ಬಂದು ಫೋನನ್ನು ನನ್ನ ಮಡಿಲಿಗೆ ಹಾಕಿದಳು.

ಆಟಗಳಿಗೆ ಈ ಊರು ಬಡವಾಗಿಲ್ಲ. ಚಿತ್ರ ಬಿಡಿಸಿ ಪದ ಊಹಿಸುವ ಪಿಕ್ಷನರಿಯನ್ನು 1985ರಲ್ಲಿ ಮಾರುಕಟ್ಟೆಗೆ ತಂದ ರಾಬ್ ಏಂಜೆಲ್ ಸಿಯಾಟಲ್‌ನಲ್ಲಿ ಹೋಟೆಲಿನ ವೇಟರ್ ಆಗಿದ್ದವರು. 1998ರಲ್ಲಿ ಕ್ರೇನಿಯಂ ಎಂಬ ಆಟ ಹುಟ್ಟುಹಾಕಿದವರು ಮೈಕ್ರೋಸಾಫ್ಟ್ ಬಿಟ್ಟು ಬಂದ ಇಬ್ಬರು. ಇದೇ ಊರಿನಲ್ಲಿ ಸಾವಿರಾರು ಕನ್ನಡಿಗರು ಕಂಪ್ಯೂಟರಿಗೆ ಭಾಷೆ ಕಲಿಸುವ ಕೆಲಸ ಮಾಡಿ ಸಂಬಳ ಪಡೆಯುತ್ತಾರೆ. ಮುದುಕರ ಜೊತೆ ಮಾತಾಡುವ ಕೆಲಸಕ್ಕೆ ಮಾತ್ರ ಜನವಿಲ್ಲ.

ಎಕ್ಸೆಲ್ ಹಾಳೆಯನ್ನು ಅಳಿಸಿದ ಮೇಲೆ, ಅವ್ವನಿಂದಲೇ ಕಲಿತು ನಾನು ಮಾಡಿಕೊಂಡ ಕ್ರಮ ಹೇಳುತ್ತೇನೆ. ಖರ್ಚು ಒಂದು ಕಟ್ಟು ಕಾರ್ಡಿನದು.

ಮೊದಲು, ಪದಗಳು ಅವರ ಬದುಕಿನಿಂದ ಬರಬೇಕು. ನಾನು ನಲವತ್ತು ಪದ ಬರೆದೆ: ಬೀಸುವ ಕಲ್ಲು, ಒರಳು, ಕೂರಿಗೆ, ಎಡೆಕುಂಟೆ, ಬುತ್ತಿ, ಸಂಡಿಗೆ, ಕುಬಸ, ಇಳಕಲ್ ಸೀರೆ, ಮೆಣಸಿನಕಾಯಿ. ಮಂಡ್ಯದವರಿಗೆ ಬೇರೆ, ಕುಂದಾಪುರದವರಿಗೆ ಬೇರೆ, ಬೆಂಗಳೂರಿನ ನಿವೃತ್ತ ಬ್ಯಾಂಕ್ ನೌಕರರಿಗೆ ಬೇರೆಯೇ ನಲವತ್ತು. ಒಂದೇ ಪಟ್ಟಿ ಎಲ್ಲರಿಗೂ ಆಗುವುದಿಲ್ಲ. ಸುಲಭದ ಪದ ಬೇಕಿಲ್ಲ. 'ಎಡೆಕುಂಟೆ' ನನಗೆ ಕಷ್ಟ, ಅವ್ವನಿಗೆ ನೀರು ಕುಡಿದಷ್ಟು ಸಲೀಸು.

ಎರಡನೆಯದು, ಎಣಿಕೆ ಬಾಯಿಯದಾಗಿರಲಿ, ಬೋರ್ಡಿನದಲ್ಲ. ಮೆ-ಣ-ಸಿ-ನ-ಕಾ-ಯಿ: ಆರು ಸಲ ತೊಡೆ ತಟ್ಟಿದರೆ ಆರು ಮನೆ. ಕಣ್ಣು ಮಂಜಾದವರೂ ಓದಲು ಬಾರದವರೂ ಆಡಬಹುದು.

ಮೂರನೆಯದು, ಸುಳಿವಿನ ಮೆಟ್ಟಿಲು. ಉತ್ತರ ಬಾರದಿದ್ದರೆ 'ತಪ್ಪು' ಎನ್ನದೆ ಒಂದು ಮೆಟ್ಟಿಲು ಇಳಿಯುವುದು. ಎಲ್ಲಿ ಇರುತ್ತದೆ, ಏನು ಮಾಡುತ್ತಾರೆ, ವಾಸನೆ ಹೇಗೆ, ಮೊದಲ ಅಕ್ಷರ ಯಾವುದು. ಒಣಮೆಣಸಿನಕಾಯಿಯನ್ನೇ ಕೈಗೆ ಕೊಟ್ಟರೂ ಮೋಸವಲ್ಲ. ಕೊನೆಗೆ ಪದವನ್ನೇ ಹೇಳಿಬಿಡಿ, "ಹೌದಲ್ಲ" ಎನ್ನಲಿ. ಮರೆವಿನಲ್ಲಿ ತಾನಾಗಿ ನೆನಪಾಗುವುದು ಮೊದಲು ಕುಂದುತ್ತದೆ. ಕಂಡಾಗ, ಕೇಳಿದಾಗ ಗುರುತು ಹತ್ತುವುದು ಬಹುಕಾಲ ಉಳಿಯುತ್ತದೆ. ಆಟ ಆ ಉಳಿದದ್ದರ ಮೇಲೆ ನಿಲ್ಲಬೇಕು. ಗಡಿಯಾರ ಬೇಡ, ಅಂಕ ಬೇಡ, ನೇಣುಗಂಬವಂತೂ ಬೇಡವೇ ಬೇಡ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಕಾರ್ಡು ಹಿರಿಯರ ಕೈಯಲ್ಲಿರಲಿ. ಅವರು ಪದ ನೋಡಿ ಸುಳಿವು ಕೊಡಲಿ, ನಾವು ಊಹಿಸೋಣ. ನಮಗೆ ನಿಜವಾಗಿಯೂ ಗೊತ್ತಿಲ್ಲದ ಪದವಾದರೆ ಇನ್ನೂ ಒಳ್ಳೆಯದು. ಅವ್ವನ ನಲವತ್ತರಲ್ಲಿ ಹದಿನೈದು ನನಗೆ ಗೊತ್ತಿರಲಿಲ್ಲ, ಅವಳೇ ಬರೆಸಿದ್ದು. ಅವಳು ಪ್ರಶ್ನೆ ಕೇಳಿದ ಮೊದಲ ದಿನ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. "ಇಷ್ಟ್ ಓದಿ ಇದೂ ಗೊತ್ತಿಲ್ಲೇನ ನಿನಗ?" ಎಂದು ನನ್ನನ್ನು ಬಯ್ದಳು. ಎಷ್ಟೋ ದಿನದ ಮೇಲೆ ಬಯ್ದದ್ದು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಆರು ಜನರಲ್ಲಿ ಒಬ್ಬಳಿಗಾಗಿ ಕನ್ನಡದ ಆಟ ಹೇಗೆ ಸಾಧ್ಯ ಎನ್ನುತ್ತಾರೆ. ಕನ್ನಡ ಬಾರದವರ ಜೊತೆಗೂ ಸಾಧ್ಯ ಎಂದು ತೋರಿಸಿದವಳು ಅಲ್ಲಿ ಆರೈಕೆ ಮಾಡುವ ಇಥಿಯೋಪಿಯಾದ ಹುಡುಗಿ. ಒಂದು ದಿನ ಅವ್ವ ಕಾರ್ಡು ಹಿಡಿದು, ಕೈಯಲ್ಲಿ ಗರಗರ ತಿರುಗಿಸಿ, "ಸ್ಟೋನ್, ರೌಂಡ್" ಎಂದಳು. ಅಷ್ಟೇ ಅವಳ ಇಂಗ್ಲಿಷ್. ನನ್ನ ಮಗನಿಗೆ ಹೊಳೆಯಲಿಲ್ಲ. ಆ ಹುಡುಗಿ ಮಾತ್ರೆ ಕೊಡಲು ಬಂದವಳು ನಿಂತು, ನೆಲದಲ್ಲಿ ಕೂತು ಬೀಸುವ ಅಭಿನಯ ಮಾಡಿ, ತನ್ನ ಅಜ್ಜಿಯ ಮನೆಯಲ್ಲೂ ಇತ್ತು ಎಂದಳು. ಅವತ್ತಿನಿಂದ ಅವ್ವ ಅವಳನ್ನು ಹೆಸರು ಹಿಡಿದು ಕರೆಯುತ್ತಾಳೆ. ನಾವು ಪರೀಕ್ಷೆ ಮಾಡಿ ಮಾಡಿ ಕಲಿಸಲಾಗದ ಹೆಸರು!

ಆಟವೇನು ಮಹಾ, ಔಷಧ ಸರಿಯಾಗಿ ಕೊಟ್ಟರೆ ಸಾಕು ಎನ್ನುವವರೂ ಇದ್ದಾರೆ. ಈ ದೇಶದ ನರ್ಸಿಂಗ್ ಹೋಮುಗಳ ನಿಯಮವೇ ಹಾಗೆನ್ನುವುದಿಲ್ಲ. 1987ರ ಸುಧಾರಣಾ ಕಾಯ್ದೆಯ ನಂತರ ಬಂದ ನಿಯಮಗಳ ಪ್ರಕಾರ ಚಟುವಟಿಕೆಗಳು ನಿವಾಸಿಯ ಆಸಕ್ತಿ, ಇಷ್ಟಕ್ಕೆ ತಕ್ಕಂತಿರಬೇಕು. ನಿಮ್ಮ ತಾಯಿಗೆ ಏನು ಇಷ್ಟ ಎಂದು ಬರೆದುಕೊಡಿ, ಆರೈಕೆಯ ಯೋಜನೆಯಲ್ಲಿ ಸೇರಿಸಿ ಎಂದು ಕೇಳಿ. ನೀವು ಬರೆದು ಕೊಡದಿದ್ದರೆ ಅವರು 'ಬಿಂಗೊ' ಎಂದು ಬರೆದುಕೊಳ್ಳುತ್ತಾರೆ. ಬೆಂಗಳೂರಿನ ಓದುಗರು ನಗಬೇಕಿಲ್ಲ. ಅಲ್ಲಿ ನಾನು ನೋಡಿದ ಎರಡು ವೃದ್ಧಾಶ್ರಮಗಳಲ್ಲಿ ಸಂಜೆಯ ಆಟ ತಂಬೋಲ, ಅದೂ ಇಂಗ್ಲಿಷಿನಲ್ಲಿ. 2002ರಿಂದ ಚಂದನದಲ್ಲಿ ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ನೋಡಿ, ಟಿ.ವಿ.ಗಿಂತ ಮೊದಲೇ ಉತ್ತರ ಹೇಳಿದ ತಲೆಮಾರಿಗೆ ನಾವು ಕೊಟ್ಟದ್ದು 'ಟೂ ಫ್ಯಾಟ್ ಲೇಡೀಸ್, ಏಯ್ಟಿಯೈಟ್'.

ಇನ್ನೊಂದು ಆಕ್ಷೇಪವನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಮುಖದಲ್ಲಿ ಕಾಣುತ್ತದೆ: ತಾಯಿಯನ್ನು ಹೋಮಿಗೆ ಹಾಕಿದವಳು ಆಟದ ಬಗ್ಗೆ ಪ್ರಬಂಧ ಬರೆಯುತ್ತಾಳಲ್ಲ! ಸರಿ. ರಾತ್ರಿ ಮೂರು ಸಲ ಎದ್ದು ಬೀಳುವವಳನ್ನು ಎತ್ತಲು ನನಗೂ ನನ್ನ ಗಂಡನಿಗೂ ಆಗಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಪಡುವುದನ್ನು ಬಿಟ್ಟಿದ್ದೇನೆ. ನಾಚಿಕೆಯಿಂದಲೇ ನಾವು ಇದನ್ನು ಮುಚ್ಚಿಡುತ್ತೇವೆ, ಮುಚ್ಚಿಟ್ಟದ್ದರಿಂದಲೇ ಯಾವ ಹೋಮಿನಲ್ಲಿ ಯಾವ ಕನ್ನಡದ ಅಜ್ಜಿ ಒಬ್ಬಳೇ ಕೂತಿದ್ದಾಳೆ ಎಂದು ಯಾರಿಗೂ ತಿಳಿಯುವುದಿಲ್ಲ.

ಈ ಊರಿನ ಜಪಾನೀಯರು 1976ರಲ್ಲೇ ತಮ್ಮ ಹಿರಿಯರಿಗಾಗಿ ಸಿಯಾಟಲ್ ಕೈರೋ ಎಂಬ ನರ್ಸಿಂಗ್ ಹೋಮ್ ತೆರೆದರು. ಚೀನೀಯರ ಕಿನ್ ಆನ್ ಸಂಸ್ಥೆ 1985ರಲ್ಲಿ ಶುರುವಾಯಿತು. ನಾವೂ ಕಟ್ಟಡ ಕಟ್ಟೋಣ ಎಂದು ನಾನು ಹೇಳುವುದಿಲ್ಲ. ಕೈರೋದಂಥ ಹಳೆಯ ಸಂಸ್ಥೆಯೇ ಖರ್ಚು ತೂಗಿಸಲಾಗದೆ 2019ರಲ್ಲಿ ತನ್ನ ನರ್ಸಿಂಗ್ ಹೋಮನ್ನು ಮುಚ್ಚಿತು. ಆ ಲೆಕ್ಕ ನನಗೆ ಅರ್ಥವಾಗುತ್ತದೆ. ನಾನು ಕೇಳುವುದು ಕಾರ್ಡುಗಳನ್ನು, ಮತ್ತು ಅದನ್ನು ಹಿಡಿದು ಹೋಗುವ ಜನರನ್ನು.

ಲೆಕ್ಕ ಬಲ್ಲವಳೆಂದು ನಮ್ಮ ಸಂಘದಲ್ಲಿ ನನ್ನನ್ನೇ ಖಜಾಂಚಿ ಮಾಡಿದ್ದಾರೆ. ರಾಜ್ಯೋತ್ಸವದ ಖರ್ಚಿನ ಪಟ್ಟಿ ನನ್ನ ಕೈಬರಹದಲ್ಲೇ ಇದೆ: ಧ್ವನಿವರ್ಧಕ, ಕಲಾವಿದರ ವಿಮಾನ ಟಿಕೆಟ್, ಊಟ, ಶಾಲು, ಹಾರ. ಹಿರಿಯರ ಹೆಸರಿನಲ್ಲಿ ಇರುವುದು ಮುಂದಿನ ಸಾಲಿನ ಕಾಯ್ದಿರಿಸಿದ ಕುರ್ಚಿಗಳು, ಅದಕ್ಕೆ ಖರ್ಚಿಲ್ಲ. ಮಕ್ಕಳಿಗೆ ವಾರಾಂತ್ಯದಲ್ಲಿ ಕನ್ನಡ ಕಲಿಸುತ್ತೇವೆ. ಒತ್ತಕ್ಷರ ಬರೆಸುತ್ತೇವೆ, ಪರೀಕ್ಷೆಯನ್ನೂ ಮಾಡುತ್ತೇವೆ. ಆ ಮಕ್ಕಳನ್ನು ತಿಂಗಳಿಗೆ ಒಂದು ಶನಿವಾರ ಎರಡು ತಾಸು ಒಬ್ಬೊಬ್ಬ ಅಜ್ಜ ಅಜ್ಜಿಯ ಎದುರು ಕೂರಿಸಿ, ಕಾರ್ಡುಗಳನ್ನು ಅಜ್ಜಿಯ ಕೈಗೆ ಕೊಡಿ. ಊಹಿಸಬೇಕಾದವರು ಮಕ್ಕಳು, ಸೋಲಬೇಕಾದವರೂ ಮಕ್ಕಳೇ. ಪುಸ್ತಕದಲ್ಲಿಲ್ಲದ ನಲವತ್ತು ಪದ ಅವರಿಗೆ ಸಿಗುತ್ತವೆ. ಮುಂದಿನ ಸಭೆಯಲ್ಲಿ ಇದನ್ನು ನಿರ್ಣಯವಾಗಿ ಮಂಡಿಸುತ್ತೇನೆ. ಅಂದಾಜು ವೆಚ್ಚ: ಕಾರ್ಡು, ಪೆನ್ನು, ಪೆಟ್ರೋಲು. ಬೇಡ ಎನ್ನುವವರು ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ.

ಅವ್ವನ ಕಾರ್ಡುಗಳು ಈಗ ಮೊದಲಿನಷ್ಟು ಇಲ್ಲ. ಕೆಲವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಾಳೆ, ಅವನ್ನು ನಾನು ಕಟ್ಟಿನಿಂದ ತೆಗೆಯುತ್ತೇನೆ. ನಲವತ್ತು ಇದ್ದದ್ದು ಇಪ್ಪತ್ತಾರಾಗಿದೆ. ಕಳೆದ ಭಾನುವಾರ ನಾನು ಹೋದಾಗ ಅವಳ ಕೈಯಲ್ಲಿ ಕಾರ್ಡೇ ಇರಲಿಲ್ಲ. ಕಿಟಕಿಯ ಹೊರಗೆ ಮಳೆ. ನನ್ನನ್ನು ಹತ್ತಿರ ಕರೆದು, ಏನನ್ನೋ ಬೆರಳ ತುದಿಯಲ್ಲಿ ಹಿಡಿದಂತೆ ಮಾಡಿ, ಮೂಸಿ, ಸೀನುವ ಹಾಗೆ ಮುಖ ಮಾಡಿದಳು. "ಹೇಳ್ ನೋಡೂಣು" ಎಂದಳು. ನನಗೆ ಗೊತ್ತಿತ್ತು. ಆದರೂ ಊರು ಕೊಟ್ಟೆ. "ಬ್ಯಾಡಗಿ ಕೊಟ್ಟೆ ಅವ್ವಾ" ಎಂದೆ.